ಕತ್ತರಿಸುವ ಮುನ್ನ ಮಡಿಸಿ ನೋಡಿ

ಹೊಲಿಗೆ ಬಾರದ ಹೆಣ್ಣುಮಕ್ಕಳು ನಮ್ಮ ಕಡೆ ಕಡಿಮೆ. ಮಧುಗಿರಿ, ಸಿರಾ, ಕೊರಟಗೆರೆ, ಪಾವಗಡದ ಯಾವ ಮೊಹಲ್ಲಾಕ್ಕೆ ಹೋದರೂ, ಬಲಸಮುದ್ರದಂತಹ ಊರಿನಲ್ಲಿಯೂ, ಕಿಟಕಿಯ ಪಕ್ಕ ಕಾಲಿನಿಂದ ತುಳಿಯುವ ಒಂದು ಮಿಷನ್ ಕಣ್ಣಿಗೆ ಬೀಳುತ್ತದೆ. ಆದರೆ ಅದರ ಮೇಲೆ ವರ್ಷವಿಡೀ ನಡೆಯುವ ಕೆಲಸವಾದರೂ ಯಾವುದು? ಸೀರೆಗೆ ಫಾಲ್ ಹಚ್ಚುವುದು, ಬಿಗಿಯಾದ ರವಿಕೆಯನ್ನು ಸಡಿಲಿಸುವುದು, ದಿಂಬಿನ ಕವರು, ಮಕ್ಕಳ ಹರಿದ ಯೂನಿಫಾರಂ. ಈದ್ ಬಂದಾಗ, ಮನೆಯಲ್ಲಿ ನಿಕಾಹ್ ನಿಶ್ಚಯವಾದಾಗ, ಅದೇ ಮನೆಯವರು ಬಸ್ಸು ಹತ್ತಿ ತುಮಕೂರಿನ ರೆಡಿಮೇಡ್ ಅಂಗಡಿಗೆ ಹೋಗುತ್ತಾರೆ. ಹೊಲಿಯುವವಳು ಮನೆಯಲ್ಲೇ ಇದ್ದಾಳೆ, ಹಣ ಮಾತ್ರ ಊರು ಬಿಟ್ಟು ಹೋಗುತ್ತದೆ.

ಕಾರಣ ಕೇಳಿ ನೋಡಿ. "ಅಲ್ಲಿನ ಡ್ರೆಸ್ಸಿಗೆ ಚುನ್ನಟ್ ಚೆನ್ನಾಗಿತ್ತು, ತೋಳಿಗೆ ಫ್ರಿಲ್ ಇತ್ತು, ಎದೆಯ ಮೇಲೆ ಸಣ್ಣ ಸಣ್ಣ ಪಟ್ಟಿ ಇತ್ತು" ಎನ್ನುತ್ತಾರೆ. ಹೊಲಿಯುವವಳನ್ನು ಕೇಳಿದರೆ, "ಅದೆಲ್ಲ ನಮ್ಮಿಂದಾಗದು, ಅದಕ್ಕೆ ದೊಡ್ಡ ಮಿಷನ್ ಬೇಕು" ಎನ್ನುತ್ತಾಳೆ. ಇದು ನಿಜವಲ್ಲ. ಅದರಲ್ಲಿ ಮುಕ್ಕಾಲು ಪಾಲಿಗೆ ಬೇಕಾದದ್ದು ಒಂದು ಟೇಪು, ಒಂದು ಚಾಕಿನ ತುಂಡು, ಇಸ್ತ್ರಿ ಪೆಟ್ಟಿಗೆ ಮತ್ತು ಎರಡು ಸಂಜೆಗಳ ತಾಳ್ಮೆ, ಅಷ್ಟೆ.

ನೆರಿಗೆ ನಮಗೇನೂ ಹೊಸದಲ್ಲ. ಸೀರೆ ಉಡುವ ಪ್ರತಿಯೊಬ್ಬಳೂ ದಿನಾ ಬೆಳಿಗ್ಗೆ ಬೆರಳುಗಳ ನಡುವೆ ಅದನ್ನು ಹಿಡಿಯುತ್ತಾಳೆ. ಕೊಡಗಿನ ಹೆಂಗಸರು ಅದೇ ನೆರಿಗೆಯನ್ನು ಬೆನ್ನಿನ ಕಡೆಗೆ ಸಿಕ್ಕಿಸುತ್ತಾರೆ. ಬಿಜಾಪುರದ ಆದಿಲ್‌ಶಾಹಿ ಕಾಲದ ಚಿತ್ರಗಳನ್ನು ನೋಡಿದವರಿಗೆ ನೆನಪಿರಬಹುದು: ತೆಳ್ಳನೆಯ ಮಲ್‌ಮಲ್ ಜಾಮಾ ಸೊಂಟದಿಂದ ಕೆಳಗೆ ನೆರಿಗೆಯಾಗಿ ಇಳಿದಿರುತ್ತದೆ. 1687ರಲ್ಲಿ ನಮ್ಮ ಸಿರಾ ಮೊಗಲರ ಸುಬಾದ ಕೇಂದ್ರವಾದಾಗ ಇಲ್ಲಿಗೆ ಬಂದ ಅಧಿಕಾರಿಗಳ ಮೈಮೇಲೂ ಅಂತಹದೇ ಜಾಮಾ ಇದ್ದಿರಬೇಕು. ಬಂಗಾಳದಲ್ಲಿ ಗಂಡಸರ ಪಂಜಾಬಿಯ ತೋಳಿಗೆ ಗಿಲೆ ಎಂಬ ಕಾಡುಬಳ್ಳಿಯ ದೊಡ್ಡ ಬೀಜವನ್ನು ಒತ್ತಿ ಉಜ್ಜಿ ಸಣ್ಣ ನೆರಿಗೆ ಮೂಡಿಸುತ್ತಿದ್ದರು. ಕಾಬೂಲ್, ಹೆರಾತ್ ಕಡೆಯ ಬುರ್ಖಾದ ಬೆನ್ನಿನಲ್ಲಿರುವ ಕೂದಲೆಳೆಯಂತಹ ನೆರಿಗೆಗಳು ಇನ್ನೂ ಪ್ರಸಿದ್ಧ.

ಇದಕ್ಕಿಂತಲೂ ಹಳೆಯದೊಂದಿದೆ. ಈಜಿಪ್ಟಿನ ತರ್ಖಾನ್ ಎಂಬಲ್ಲಿನ ಗೋರಿಗಳನ್ನು 1912-13ರಲ್ಲಿ ಅಗೆದಾಗ ಸಿಕ್ಕ ಕೊಳಕು ಬಟ್ಟೆಯ ಗಂಟೊಂದು ಲಂಡನ್ನಿನಲ್ಲಿ ಹಾಗೆಯೇ ಬಿದ್ದಿತ್ತು. 1977ರಲ್ಲಿ ಅದನ್ನು ಬಿಡಿಸಿ ತೊಳೆದಾಗ ಒಳಗೊಂದು ಲಿನನ್ ಅಂಗಿ! ಅದರ ವಯಸ್ಸು ಐದು ಸಾವಿರ ವರ್ಷಕ್ಕೂ ಹೆಚ್ಚು ಎಂದು ಈಚಿನ ಪರೀಕ್ಷೆಯಲ್ಲಿ ತಿಳಿಯಿತು. ಜಗತ್ತಿನಲ್ಲಿ ಉಳಿದಿರುವ ನೇಯ್ದ ಉಡುಪುಗಳಲ್ಲಿ ಅದೇ ಅತ್ಯಂತ ಹಳೆಯದು. ಅದರ ತೋಳಿನಲ್ಲಿ, ಎದೆಯ ಮೇಲ್ಭಾಗದಲ್ಲಿ ಒಂದರ ಪಕ್ಕ ಒಂದು ಹಿಡಿದ ನೆರಿಗೆಗಳಿವೆ. ಮೊಣಕೈ ಮಡಚಿದ ಗುರುತೂ ಇದೆ. ಯಾರೋ ತೊಟ್ಟು ಓಡಾಡಿದ ಅಂಗಿ ಅದು. ಯಾವ ದೊಡ್ಡ ಮಿಷನ್ ಇತ್ತು ಆಗ?

ಲೆಕ್ಕ ಮೊದಲು, ಕತ್ತರಿ ಆಮೇಲೆ

ಬಟ್ಟೆಯ ರೂಪ ಬದಲಿಸುವ ಕಲೆಗೆ ಫ್ಯಾಷನ್ ಕಾಲೇಜುಗಳಲ್ಲಿ ಬೇಕಾದಷ್ಟು ಹೆಸರುಗಳಿವೆ. ಮೂಲದಲ್ಲಿ ಕೆಲಸ ಎರಡೇ: ಬಟ್ಟೆಯನ್ನು ಮಡಿಸುವುದು, ಇಲ್ಲವೇ ದಾರ ಎಳೆದು ಸುಕ್ಕು ಮಾಡುವುದು. ಎಲ್ಲ ಮಡಿಕೆಗಳೂ ಒಂದೇ ದಿಕ್ಕಿಗೆ ಮಲಗಿದರೆ ನೈಫ್ ಪ್ಲೀಟ್. ಎರಡು ಮಡಿಕೆಗಳು ಬೆನ್ನಿಗೆ ಬೆನ್ನು ಕೊಟ್ಟರೆ ಬಾಕ್ಸ್ ಪ್ಲೀಟ್. ಅದನ್ನೇ ಒಳಮುಖ ಮಾಡಿದರೆ ಒಳನೆರಿಗೆ. ಮಡಿಕೆಯನ್ನು ಉದ್ದಕ್ಕೂ ಹೊಲಿದು ಕೂರಿಸಿದರೆ ಟಕ್.

ಭಿನ್ನರಾಶಿ ಎಂದ ಕೂಡಲೇ ಮುಖ ಸಿಂಡರಿಸುವ ಹುಡುಗಿಯರು ನೆರಿಗೆಯ ಲೆಕ್ಕವನ್ನು ಬೆರಳಿನಲ್ಲೇ ಮಾಡಿ ಮುಗಿಸುವುದನ್ನು ಕಂಡಿದ್ದೇನೆ. ಲೆಕ್ಕ ಹೀಗಿದೆ. ನೆರಿಗೆ ಒಂದಕ್ಕೊಂದು ತಾಗಿಕೊಂಡು ಪೂರ್ತಿ ಬರಬೇಕಾದರೆ ಕಾಣುವ ಅಗಲಕ್ಕೆ ಮೂರು ಪಟ್ಟು ಬಟ್ಟೆ ಬೇಕು. ಮೇಲೆ ಒಂದು ಇಂಚು ಕಾಣುತ್ತದೆ, ಅದರಡಿಯಲ್ಲಿ ಎರಡು ಇಂಚು ಅಡಗಿರುತ್ತದೆ. ಲಂಗಕ್ಕೆ ಹಿಪ್ಪಿನ ಅಳತೆ 36 ಇಂಚು ಎಂದುಕೊಳ್ಳಿ. ಇಂಚಿಗೊಂದರಂತೆ 36 ನೆರಿಗೆ. ಬೇಕಾದ ಬಟ್ಟೆ 108 ಇಂಚು, ಜೋಡಿಸುವ ಹೊಲಿಗೆಗೆ ಎರಡು ಇಂಚು ಸೇರಿಸಿ 110. ಅಂದರೆ 2.8 ಮೀಟರ್. ಬಟ್ಟೆಯ ಪನ್ನ 44 ಇಂಚು ಇದ್ದರೆ ಅದನ್ನು ಅಡ್ಡಲಾಗಿ ತಿರುಗಿಸಿ, ಪನ್ನವನ್ನೇ ಲಂಗದ ಉದ್ದವಾಗಿ ಬಳಸಿ. ಆಗ ನೇಯ್ದ ಅಂಚೇ ಕೆಳಗೆ ಬರುತ್ತದೆ, ಅಂಚು ಮಡಿಸಿ ಹೊಲಿಯುವ ಕೆಲಸವೇ ಇಲ್ಲ.

ಸೊಂಟದ ಅಳತೆ ಹಿಡಿದು ನೆರಿಗೆ ಹಾಕಿದರೆ ಹಿಪ್ಪಿನ ಹತ್ತಿರ ಎಲ್ಲವೂ ಬಾಯಿ ಬಿಡುತ್ತವೆ. ಆದ್ದರಿಂದ ಹಿಪ್ಪಿನ ಅಳತೆಯನ್ನೇ ಹಿಡಿಯಬೇಕು. ಸೊಂಟ 28 ಇಂಚಾದರೆ ಉಳಿಯುವ ಎಂಟು ಇಂಚನ್ನು 36 ನೆರಿಗೆಗಳಿಗೆ ಹಂಚಿ. ಪ್ರತಿ ನೆರಿಗೆಯನ್ನು ಮೇಲ್ತುದಿಯಲ್ಲಿ ಕಾಲು ಇಂಚಿಗೂ ಸ್ವಲ್ಪ ಕಡಿಮೆ ಹೆಚ್ಚುವರಿಯಾಗಿ ಒಳಕ್ಕೆ ಎಳೆದರೆ ಸಾಕು, ಕಣ್ಣಿಗೆ ಗೊತ್ತೇ ಆಗುವುದಿಲ್ಲ. ಸೊಂಟದಿಂದ ಆರೇಳು ಇಂಚು ಕೆಳಗಿನವರೆಗೆ ಮಡಿಕೆಯ ಅಂಚಿನ ಮೇಲೆ ಹೊಲಿಗೆ ಹಾಕಿ. ಹೊಟ್ಟೆಯ ಬಳಿ ಬಟ್ಟೆ ಉಬ್ಬಿ ನಿಲ್ಲುವುದಿಲ್ಲ. ಎರಡು ಮಕ್ಕಳ ತಾಯಿಗೂ ಚೆನ್ನಾಗಿ ಕಾಣುವ ನೆರಿಗೆ ಇದು.

ಎದೆಯ ಮೇಲಿನ ಸಣ್ಣ ಟಕ್ಕುಗಳಿಗೆ ಇನ್ನೊಂದು ನಿಯಮವಿದೆ. ಒಂದು ನೂಲಿನಷ್ಟು, ಅಂದರೆ ಇಂಚಿನ ಎಂಟನೇ ಒಂದು ಭಾಗದ ಟಕ್ ಕಾಲು ಇಂಚು ಬಟ್ಟೆಯನ್ನು ನುಂಗುತ್ತದೆ. ಇಪ್ಪತ್ತು ಟಕ್ಕಿಗೆ ಐದು ಇಂಚು ಹೋಯಿತು. ಅಂಗಿಯನ್ನು ಮೊದಲು ಕತ್ತರಿಸಿಕೊಂಡು ಆಮೇಲೆ ಟಕ್ ಹಾಕಿದರೆ ಅದು ಮಗಳಿಗೂ ಆಗದು. ಚೌಕ ತುಂಡಿನ ಮೇಲೆ ಟಕ್ಕುಗಳನ್ನೆಲ್ಲ ಹೊಲಿದು, ಇಸ್ತ್ರಿ ಹಾಕಿ, ಆಮೇಲೆ ಅದರ ಮೇಲೆ ಅಳತೆ ಇಟ್ಟು ಕತ್ತರಿಸಬೇಕು.

ಇಲ್ಲೊಂದು ಪ್ರಶ್ನೆ ಏಳುವುದು ಸಹಜ. ಮೂರು ಪಟ್ಟು ಬಟ್ಟೆ ಎಂದರೆ ಇಸ್ರಾಫ್ ಅಲ್ಲವೇ, ದುಂದು ಅಲ್ಲವೇ? ಈ ಪ್ರಶ್ನೆ ನ್ಯಾಯವಾದದ್ದೇ. ಅಂಗಡಿಯಲ್ಲಿ ತೂಗುವ ಮದುವೆಯ ಕೆಲವು ಲೆಹಂಗಾಗಳನ್ನು ನೋಡಿದರೆ ನನಗೂ ಹಾಗೇ ಅನ್ನಿಸುತ್ತದೆ. ಒಂದು ದಿನದ ಮೆರವಣಿಗೆಗೆ ಇಷ್ಟು ಭಾರವೇ? ಆದರೆ ನೆರಿಗೆಯನ್ನು ಅಂಬ್ರೆಲ್ಲಾ ಕಟ್‌ನೊಂದಿಗೆ ಹೋಲಿಸಿ ನೋಡಿ. ಚೌಕ ಬಟ್ಟೆಯಲ್ಲಿ ಎಷ್ಟು ದೊಡ್ಡ ವೃತ್ತ ಕತ್ತರಿಸಿದರೂ ನಾಲ್ಕು ಮೂಲೆಗಳು ಸೇರಿ ಐದರಲ್ಲೊಂದು ಭಾಗಕ್ಕಿಂತ ಹೆಚ್ಚೇ ಚಿಂದಿಯಾಗುತ್ತದೆ. ವೃತ್ತವಾಗಿ ಕತ್ತರಿಸಿದ ಲಂಗವನ್ನು ಬಿಚ್ಚಿ ಬೇರೊಂದು ಉಡುಪು ಮಾಡುವುದೂ ಕಷ್ಟ. ನೆರಿಗೆಯ ಲಂಗ ನೆಟ್ಟಗಿನ ಒಂದು ಪಟ್ಟಿ. ಐದು ವರ್ಷದ ನಂತರ ಹೊಲಿಗೆ ಬಿಚ್ಚಿದರೆ ಪೂರ್ತಿ ಬಟ್ಟೆ ಕೈಗೆ ಬರುತ್ತದೆ. ನನ್ನ ತಕ್ಕಡಿಯಲ್ಲಿ ನೆರಿಗೆಯ ಕಡೆಯೇ ತೂಕ ಹೆಚ್ಚು.

ಹಳೆಯ ಸೀರೆಯೊಂದನ್ನು ಲೆಕ್ಕ ಹಾಕೋಣ. ಐದೂವರೆ ಮೀಟರ್ ಎಂದರೆ ಸುಮಾರು 216 ಇಂಚು. ಮೇಲಿನ ಲೆಕ್ಕದ ದೊಡ್ಡವರ ಲಂಗಕ್ಕೆ 110 ಹೋಗಲಿ. 26 ಇಂಚು ಹಿಪ್ಪಿನ ಮಗಳ ಲಂಗಕ್ಕೆ 80 ಇಂಚು ಸಾಕು. ಇನ್ನೂ 26 ಇಂಚು ಉಳಿಯುತ್ತದೆ, ಸೊಂಟಪಟ್ಟಿಗೆ, ತೋಳಿನ ಫ್ರಿಲ್‌ಗೆ. ಅಮ್ಮಿಯ ನಿಕಾಹ್ ಸೀರೆ ಟ್ರಂಕಿನಲ್ಲಿ ಮಡಿಕೆ ಮಡಿಕೆಯಲ್ಲೇ ಹರಿದು ಹೋಗುವುದಕ್ಕಿಂತ ಇದು ಒಳ್ಳೆಯದಲ್ಲವೇ?

ಬೆಳೆಯುವ ಹುಡುಗಿಯರ ಫ್ರಾಕಿನ ವಿಷಯವಂತೂ ಹಿರಿಯರಿಗೆ ಗೊತ್ತೇ ಇದೆ. ಕೆಳಭಾಗದಲ್ಲಿ ಒಂದೊಂದು ಇಂಚಿನ ಎರಡು ಟಕ್ ಹಾಕಿಟ್ಟರೆ ನಾಲ್ಕು ಇಂಚು ಬಟ್ಟೆ ಮುಂದಕ್ಕೆ ಉಳಿತಾಯ. ಮಗು ಬೆಳೆದಂತೆ ಒಂದೊಂದೇ ಬಿಚ್ಚುವುದು. ಬಿಚ್ಚಿದ ಜಾಗದಲ್ಲಿ ಗೆರೆ, ಬಣ್ಣದ ವ್ಯತ್ಯಾಸ ಕಾಣುತ್ತದೆ. ಅದರ ಮೇಲೆ ಒಂದು ಲೇಸು ಓಡಿಸಿದರೆ ಹೊಸ ಫ್ರಾಕು.

ನಡೆಯುವ ಕಾಲಿಗೆ, ಏರುವ ಬಸ್ಸಿಗೆ

ನಮ್ಮ ಉಡುಪಿಗೆ ನೆರಿಗೆ ಎಷ್ಟು ಹೊಂದುತ್ತದೆ ಎಂಬುದನ್ನು ನಾವೇ ಸರಿಯಾಗಿ ಗಮನಿಸಿಲ್ಲ. ಅಬಾಯ ಮೈಗೆ ಅಂಟಬಾರದು, ಆದರೆ ಅದನ್ನು ತೊಟ್ಟವಳು ಎತ್ತರದ ಮೆಟ್ಟಿಲಿನ ಬಸ್ಸು ಹತ್ತಬೇಕು, ಮಗುವನ್ನು ಎತ್ತಿಕೊಂಡು ಬೇಗ ಹೆಜ್ಜೆ ಹಾಕಬೇಕು, ಕೆಲವರು ಸ್ಕೂಟಿ ಓಡಿಸಬೇಕು. ಕೆಳಗೆ ಕಿರಿದಾದ ಅಬಾಯಕ್ಕೆ ಅಂಗಡಿಯವರು ಸೀಳು ಕೊಡುತ್ತಾರೆ. ಸೀಳು ಗಾಳಿಗೆ ತೆರೆದುಕೊಳ್ಳುತ್ತದೆ. ಅದರ ಬದಲು ಒಳನೆರಿಗೆ ಇಡಿ. ಹಿಂಭಾಗದ ನಡುವೆ ಎಂಟು ಇಂಚು ಹೆಚ್ಚುವರಿ ಬಟ್ಟೆ ಬಿಟ್ಟು, ಎರಡೂ ಕಡೆಯಿಂದ ನಾಲ್ಕು ನಾಲ್ಕು ಇಂಚು ಒಳಕ್ಕೆ ಮಡಿಸಿ, ಮೊಣಕಾಲಿನವರೆಗೆ ಹೊಲಿದು ಮುಚ್ಚಿ, ಕೆಳಗೆ ಬಿಡಿ. ನಿಂತಾಗ ಅದು ಮುಚ್ಚಿಕೊಂಡಿರುತ್ತದೆ, ಹೆಜ್ಜೆ ಇಟ್ಟಾಗ ತೆರೆಯುತ್ತದೆ, ತೆರೆದರೂ ಒಳಗೆ ಬಟ್ಟೆಯೇ ಇರುತ್ತದೆ. ಹೊಲಿಗೆ ನಿಂತ ಜಾಗಕ್ಕೆ ಒಳಗಿನಿಂದ ಸಣ್ಣ ತ್ರಿಕೋನದ ತುಂಡು ಕೊಟ್ಟು ಗಟ್ಟಿ ಮಾಡುವುದನ್ನು ಮರೆಯಬೇಡಿ. ಹರಿಯುವುದು ಯಾವಾಗಲೂ ಅಲ್ಲೇ.

ಬಸುರಿಯರಿಗೆ, ಹಾಲೂಡಿಸುವ ತಾಯಂದಿರಿಗೆ ಎಲಾಸ್ಟಿಕ್ ದಾರದ ಸುಕ್ಕು ಒಂದು ವರದಾನ. ಎಲಾಸ್ಟಿಕ್ ದಾರವನ್ನು ಬಾಬಿನ್ನಿಗೆ ಕೈಯಿಂದಲೇ, ಎಳೆಯದೆ ಸಡಿಲವಾಗಿ ಸುತ್ತಿ. ಮೇಲೆ ಮಾಮೂಲಿ ದಾರ. ಹೊಲಿಗೆಯನ್ನು ಉದ್ದಕ್ಕೆ ಇಟ್ಟುಕೊಂಡು, ಅರ್ಧ ಇಂಚಿಗೊಂದರಂತೆ ಸಾಲುಗಳನ್ನು ಓಡಿಸಿ. ಎರಡು ಸಾಲಿಗೆ ಏನೂ ಆದಂತೆ ಕಾಣುವುದಿಲ್ಲ, ಧೈರ್ಯಗೆಡಬೇಡಿ. ಐದಾರು ಸಾಲಾದ ಮೇಲೆ ಹಿಂಭಾಗಕ್ಕೆ ಇಸ್ತ್ರಿಯ ಹಬೆ ತೋರಿಸಿದರೆ ಬಟ್ಟೆ ಮುದುಡಿಕೊಂಡು ಹಿಗ್ಗುವ ಕುಗ್ಗುವ ಗುಣ ಪಡೆಯುತ್ತದೆ.

ಇಡ್ಲಿ ಪಾತ್ರೆಯ ಪ್ರಯೋಗ

ಈಗ ಬಟ್ಟೆಯ ಜಾತಕ ನೋಡೋಣ. ಹತ್ತಿಯ ಬಟ್ಟೆಗೆ ಗಂಜಿ ಹಾಕಿ ಎಷ್ಟು ಚೆನ್ನಾಗಿ ಇಸ್ತ್ರಿ ಮಾಡಿದರೂ ಮುಂದಿನ ಒಗೆತಕ್ಕೆ ನೆರಿಗೆ ಮಾಯ. ರೇಷ್ಮೆಯೂ ನೀರು ಕಂಡರೆ ನೆರಿಗೆ ಬಿಡುತ್ತದೆ. ಪಾಲಿಯೆಸ್ಟರ್ ಹಾಗಲ್ಲ. ಅದು ಪ್ಲಾಸ್ಟಿಕ್ಕಿನ ಬಂಧು. ಬಿಸಿಯಾದಾಗ ಮೆತ್ತಗಾಗುತ್ತದೆ, ಯಾವ ಆಕಾರದಲ್ಲಿ ತಣ್ಣಗಾಯಿತೋ ಅದನ್ನು ನೆನಪಿಟ್ಟುಕೊಳ್ಳುತ್ತದೆ. ಅಬಾಯಕ್ಕೆ ಬಳಸುವ ನಿದಾ, ಕ್ರೇಪ್, ಅಗ್ಗದ ಜಾರ್ಜೆಟ್ ಬಹುಪಾಲು ಪಾಲಿಯೆಸ್ಟರೇ.

ಜಪಾನಿನ ಇಸ್ಸೆ ಮಿಯಾಕೆ ಈ ಗುಣವನ್ನೇ ಹಿಡಿದು ಹೆಸರು ಮಾಡಿದ ವಿನ್ಯಾಸಕ. 2022ರಲ್ಲಿ ತೀರಿಕೊಂಡರು. ಎಲ್ಲರೂ ಬಟ್ಟೆಗೆ ನೆರಿಗೆ ಹಾಕಿ ಆಮೇಲೆ ಹೊಲಿದರೆ, ಅವರು ಎರಡೂವರೆ ಮೂರು ಪಟ್ಟು ದೊಡ್ಡ ಉಡುಪನ್ನು ಮೊದಲು ಹೊಲಿದು, ಆಮೇಲೆ ಅದನ್ನು ಕಾಗದದ ಪದರಗಳ ನಡುವೆ ಇಟ್ಟು ಶಾಖದಿಂದ ನೆರಿಗೆ ಕೂರಿಸಿದರು. 1993ರಲ್ಲಿ ಬಂದ ಅವರ 'ಪ್ಲೀಟ್ಸ್ ಪ್ಲೀಸ್' ಉಡುಪುಗಳಿಗೆ ಇಸ್ತ್ರಿ ಬೇಡ, ಸುತ್ತಿ ಚೀಲಕ್ಕೆ ಹಾಕಬಹುದು. ಅದಕ್ಕೂ ಮೊದಲು ಇಟಲಿಯ ವೆನಿಸ್‌ನಲ್ಲಿ ಮರಿಯಾನೊ ಫೋರ್ಚುನಿ ಎಂಬಾತ ರೇಷ್ಮೆಗೆ ನೂರಾರು ಸಣ್ಣ ನೆರಿಗೆ ಹಾಕುವ ವಿಧಾನಕ್ಕೆ 1909ರಲ್ಲಿ ಪೇಟೆಂಟ್ ಪಡೆದಿದ್ದ. ಆ ಗೌನನ್ನು ಹಗ್ಗದಂತೆ ಹುರಿ ಮಾಡಿ ದುಂಡು ಡಬ್ಬಿಯಲ್ಲಿಟ್ಟು ಮಾರುತ್ತಿದ್ದರು. ನೆನೆದರೆ ನೆರಿಗೆ ಹೋಗುತ್ತಿತ್ತು, ಮತ್ತೆ ಅವನಲ್ಲಿಗೇ ಕಳಿಸಬೇಕಿತ್ತು. ಒದ್ದೆ ಮಲ್‌ಮಲ್ ದುಪ್ಪಟ್ಟಾದ ಎರಡು ತುದಿಗಳನ್ನು ಇಬ್ಬರು ಹಿಡಿದು, ಚುನ್ನಟ್ ಮಾಡಿ, ಹುರಿ ಹೊಸೆದು, ಗಂಟು ಕಟ್ಟಿ ಒಣಗಿಸುವುದನ್ನು ನಮ್ಮ ಖಾಲಾಂದಿರೂ ಮಾಡುತ್ತಾರಲ್ಲ! ಪೇಟೆಂಟ್ ಒಂದು ಇಲ್ಲ.

ಮನೆಯಲ್ಲಿ ಮಾಡುವುದಾದರೆ ಹೀಗೆ. ದಪ್ಪ ಡ್ರಾಯಿಂಗ್ ಹಾಳೆ ಎರಡನ್ನು ಒಂದರ ಮೇಲೊಂದಿಟ್ಟು ಬೀಸಣಿಗೆಯಂತೆ ಮಡಿಸಿ. ಸ್ಕೇಲು ಹಿಡಿದು ಗೆರೆ ಹಾಕಿಕೊಂಡೇ ಮಡಿಸಬೇಕು, ಕಣ್ಣಂದಾಜು ಸಾಲದು. ಬಿಡಿಸಿ, ಎರಡು ಹಾಳೆಗಳ ನಡುವೆ ಪಾಲಿಯೆಸ್ಟರ್ ತುಂಡನ್ನು ಸುಕ್ಕಿಲ್ಲದಂತೆ ಹಾಸಿ, ಮೂರನ್ನೂ ಸೇರಿಸಿ ಮತ್ತೆ ಮಡಿಸಿ. ಹತ್ತಿಯ ಪಟ್ಟಿಯಿಂದ ಬಿಗಿಯಾಗಿ ಕಟ್ಟಿ. ಇಡ್ಲಿ ಪಾತ್ರೆಯಲ್ಲಿ ನೀರು ತಾಗದಂತೆ ಮೇಲಿಟ್ಟು ಮುಕ್ಕಾಲು ಗಂಟೆ ಹಬೆ ಕೊಡಿ. ಆಮೇಲೆ ಇರುವುದೇ ಕಷ್ಟದ ಕೆಲಸ: ಬಿಚ್ಚದೆ ಕಾಯುವುದು. ರಾತ್ರಿಯಿಡೀ ತಣ್ಣಗಾಗಿ ಒಣಗಲಿ. ಬಿಸಿಯಲ್ಲೇ ಬಿಚ್ಚಿದರೆ ನೆರಿಗೆ ಸಡಿಲ. ಕಾರ್ಖಾನೆಯಲ್ಲಿ ಇದಕ್ಕಿಂತ ಹೆಚ್ಚು ಶಾಖ ಕೊಡುತ್ತಾರೆ, ಆದ್ದರಿಂದ ಅದರಷ್ಟು ಬಾಳಿಕೆ ಮನೆಯದಕ್ಕೆ ಬರುವುದಿಲ್ಲ. ತೋಳಿನ ತುದಿ, ದುಪ್ಪಟ್ಟಾದ ಅಂಚು, ಕತ್ತಿನ ಪಟ್ಟಿಗೆ ಧಾರಾಳ ಸಾಕು.

ಅದೇ ಪಾತ್ರೆಯಲ್ಲಿ ಗೋಲಿಯ ಆಟವನ್ನೂ ಆಡಬಹುದು. ಬಾಂಧನಿಗೆ ಕಟ್ಟುವಂತೆ ಪಾಲಿಯೆಸ್ಟರ್ ಬಟ್ಟೆಯೊಳಗೆ ಗೋಲಿಗಳನ್ನಿಟ್ಟು ದಾರದಿಂದ ಬಿಗಿದು, ಹಬೆ ಕೊಟ್ಟು, ತಣ್ಣಗಾದ ಮೇಲೆ ಬಿಚ್ಚಿ. ಬಣ್ಣವಿಲ್ಲದೆಯೇ ಬಟ್ಟೆಯ ಮೇಲೆ ಗುಳ್ಳೆ ಗುಳ್ಳೆಯ ಚಿತ್ತಾರ. ನಮ್ಮ ಕಡೆ ಹುಣಸೆಬೀಜಕ್ಕೆ ಬರವಿಲ್ಲವೆಂದು ಅದನ್ನು ಕಟ್ಟಲು ಹೋಗಬೇಡಿ, ಬಿಸಿಗೆ ಕಂದು ಕಲೆ ಬಿಡುತ್ತದೆ. ಹತ್ತಿ ಬಟ್ಟೆಗೆ ಆಕಾರ ಬೇಕಾದರೆ ಹಿಂಭಾಗದಲ್ಲಿ ಇಂಚಿಗೊಂದು ಚುಕ್ಕಿ ಇಟ್ಟು, ಎರಡೆರಡು ಚುಕ್ಕಿಗಳನ್ನು ಸೂಜಿಯಿಂದ ಸೇರಿಸಿ ಎಳೆದು ಗಂಟು ಹಾಕುತ್ತಾ ಹೋಗಿ. ಮುಂಭಾಗದಲ್ಲಿ ಹೆಣೆದ ಚಾಪೆಯಂತೆ ಏಳುತ್ತದೆ. ಇದು ದಾರದ ಬಲದಿಂದ ನಿಂತದ್ದು, ಒಗೆದರೂ ಹೋಗದು.

ಪ್ರಯೋಗವೆಲ್ಲ ಚಿಂದಿಯ ಮೇಲೆ ನಡೆಯಲಿ, ಗಿರಾಕಿಯ ಬಟ್ಟೆಯ ಮೇಲೆ ಬೇಡ. ಚಿಂದಿಯನ್ನು ಗೌರವಿಸುವುದನ್ನು ಉತ್ತರ ಕನ್ನಡದ ಸಿದ್ದಿ ಹೆಂಗಸರಿಂದ ಕಲಿಯಬೇಕು. ಆಫ್ರಿಕದಿಂದ ಬಂದವರ ಸಂತತಿಯವರು ಅವರು. ಹಳಿಯಾಳ, ಯಲ್ಲಾಪುರ, ಮುಂಡಗೋಡ ಕಡೆ ನೆಲೆಸಿದ್ದಾರೆ, ಅವರಲ್ಲಿ ಮುಸ್ಲಿಮರು, ಕ್ರೈಸ್ತರು, ಹಿಂದೂಗಳು ಮೂವರೂ ಇದ್ದಾರೆ. ನಾವು ಕೌದಿ ಎನ್ನುವುದನ್ನು ಅವರು ಕವಂದಿ ಎನ್ನುತ್ತಾರೆ. ಹಳೆಯ ಸೀರೆ, ಲಂಗ, ಅಂಗಿಗಳ ತುಂಡುಗಳನ್ನು ಅಂಚಿನಿಂದ ಶುರುಮಾಡಿ ಸುತ್ತ ಸುತ್ತ ಹೊಲಿಯುತ್ತಾ ನಡುವಿಗೆ ಬರುತ್ತಾರೆ. ತುಂಡಿನ ಅಂಚು ಮಡಿಸುವುದು, ಕೂರಿಸುವುದು, ಸಣ್ಣ ಹೊಲಿಗೆ ಹಾಕುವುದು, ಎಲ್ಲವೂ ಕೈಯಲ್ಲೇ. ಮುಸ್ಲಿಮರ ಕವಂದಿಯಲ್ಲಿ ಅರ್ಧಚಂದ್ರ ಮೂಡುವುದುಂಟು, ಕ್ರೈಸ್ತರದರಲ್ಲಿ ಶಿಲುಬೆ. ನಾಲ್ಕು ಮೂಲೆಗಳಿಗೂ ಮಡಿಸಿ ಮಡಿಸಿ ಪದರವಾಗಿಸಿದ ಪುಟ್ಟ ತುಂಡುಗಳನ್ನು ಹೊಲಿಯುತ್ತಾರೆ. ಅದಕ್ಕೆ ಫುಲ, ಅಂದರೆ ಹೂವು ಎಂದು ಹೆಸರು. ಹೂವಿಲ್ಲದ ಕವಂದಿ ಅವರ ಲೆಕ್ಕದಲ್ಲಿ ಪೂರ್ತಿಯಾದದ್ದಲ್ಲ. ಎಲ್ಲೂ ತರಗತಿಗೆ ಹೋಗದೆ ಬಂದ ವಿದ್ಯೆ ಇದು. ಆ ಕವಂದಿಗಳನ್ನು ಈಗ ದೂರದ ದೇಶಗಳವರೂ ಕೊಳ್ಳುತ್ತಾರೆ.

ಇನ್ನು ಸಂಪಾದನೆಯ ಮಾತು. ಈಚಿನ ವರ್ಷಗಳಲ್ಲಿ ಬೆಂಗಳೂರಿನಂತಹ ನಗರಗಳಲ್ಲಿ ಸೀರೆಗೆ ಮೊದಲೇ ನೆರಿಗೆ ಹಿಡಿದು, ಕ್ಲಿಪ್ ಹಾಕಿ, ಇಸ್ತ್ರಿ ಮಾಡಿ, ಡಬ್ಬಿಯಲ್ಲಿ ಮಡಿಸಿ ಕೊಡುವುದೇ ಒಂದು ಉದ್ಯೋಗವಾಗಿದೆ. ಉಡುವವಳು ಬಿಡಿಸಿ ಸಿಕ್ಕಿಸಿಕೊಂಡರಾಯಿತು. ಮದುವೆಯ ತಿಂಗಳುಗಳಲ್ಲಿ ಮನೆಯಲ್ಲೇ ಕುಳಿತು ಈ ಕೆಲಸ ಮಾಡುವ ಹೆಂಗಸರಿಗೆ ಹೊಲಿಗೆ ಯಂತ್ರವೂ ಬೇಕಾಗಿಲ್ಲ. ನಮ್ಮ ತಾಲೂಕುಗಳಲ್ಲೂ ಮದುವೆಗಳಿವೆ, ಸೀರೆ ಉಡಲು ಬಾರದ ಕಾಲೇಜು ಹುಡುಗಿಯರೂ ಇದ್ದಾರೆ.

ಹೊಲಿಯುವವರು ಮಾತ್ರ ಕೂಲಿ ಕೇಳುವಾಗ ಸಂಕೋಚ ಬಿಡಬೇಕು. ಸಾದಾ ಲಂಗಕ್ಕೂ 36 ನೆರಿಗೆಯ ಲಂಗಕ್ಕೂ ಒಂದೇ ಕೂಲಿ ಹೇಳುವ ಎಷ್ಟೋ ಸೋದರಿಯರಿದ್ದಾರೆ. ಪರಿಚಯದವರು, ಪಕ್ಕದ ಮನೆಯವರು ಎಂಬ ದಾಕ್ಷಿಣ್ಯ. ನೆರಿಗೆ ಎಣಿಸಿ, ಹಿಡಿದ ಹೊತ್ತನ್ನು ಗಡಿಯಾರ ನೋಡಿ ಬರೆದಿಡಿ, ಕೂಲಿಯನ್ನು ಬಟ್ಟೆ ಕತ್ತರಿಸುವ ಮೊದಲೇ ಹೇಳಿ. ಮಕ್ಕಳ ಹಳೆಯ ನೋಟ್‌ಬುಕ್ಕೊಂದನ್ನು ತೆಗೆದುಕೊಂಡು ಪುಟಕ್ಕೊಂದು ಮಾದರಿಯ ತುಂಡನ್ನು ಅಂಗೈ ಅಗಲಕ್ಕೆ ಹೊಲಿದು ಪಿನ್ ಮಾಡಿ: ನೈಫ್ ಪ್ಲೀಟ್, ಒಳನೆರಿಗೆ, ಟಕ್, ಎಲಾಸ್ಟಿಕ್ ಸುಕ್ಕು, ಗೋಲಿಯ ಗುಳ್ಳೆ. ಪ್ರತಿಯೊಂದರ ಕೆಳಗೆ ಯಾವ ಬಟ್ಟೆ, ಎಷ್ಟು ಇಂಚಿಗೆ ಎಷ್ಟು ಹೋಯಿತು, ಎಷ್ಟು ಹೊತ್ತು ಹಿಡಿಯಿತು ಎಂದು ಬರೆಯಿರಿ. ಒಂದು ಸಲ ಒಗೆದು ಹೇಗಾಯಿತೆಂಬುದನ್ನೂ ಸೇರಿಸಿ. ಶಅಬಾನ್ ತಿಂಗಳಲ್ಲೇ ಆ ಪುಸ್ತಕ ಸಿದ್ಧವಾಗಿದ್ದರೆ ಒಳ್ಳೆಯದು. ರಮಝಾನಿನ ಕೊನೆಯ ವಾರ ಬಟ್ಟೆ ತಂದು ಕೊಡುವವರಿಗೆ ನೆರಿಗೆ ಹಿಡಿದು ಕೊಡಲು ಯಾರಿಂದಲೂ ಆಗದು.